ಪಂಪ್‌ಹೌಸಿನ ಹಳೇ ಡೀಸೆಲ್ ಎಂಜಿನ್: ಬಿಚ್ಚಿ ಕಟ್ಟುವುದೋ, ಹೊಸದು ಕೂರಿಸುವುದೋ, ಮೋಟಾರಿಗೆ ಹೋಗುವುದೋ

ರೊಬಸ್ಟಾ ಕಾಫಿ ತೋಟಕ್ಕೆ ಹೂಮಳೆ (ಮೊಗ್ಗು ಅರಳಿಸಲು ಹೊಡೆಯುವ ನೀರು) ಕೊಡಲು ಒಂದು ಎಕರೆಗೆ ಒಂದೂವರೆ ಇಂಚು ನೀರು ಎಂದರೆ ಸುಮಾರು 1,54,000 ಲೀಟರ್. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪಿಗೆ ಇದು ನಾಲ್ಕೂಕಾಲು ಗಂಟೆಯ ಕೆಲಸ. ಹೂವಾದ ಮೇಲೆ ಕೊಡುವ ಒಂದಿಂಚಿನ ಎರಡನೇ ನೀರು, ಅಂದರೆ ಬ್ಯಾಕಿಂಗ್, ಸೇರಿಸಿದರೂ 25 ಎಕರೆಗೆ ವರ್ಷಕ್ಕೆ ಸುಮಾರು 180 ಗಂಟೆ, ಅಷ್ಟೇ. ಉಳಿದ ಕಾಲವೆಲ್ಲ ಎಂಜಿನ್ ಕೆರೆ ಬದಿಯ ತೇವದಲ್ಲಿ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಎಂಜಿನ್ ಬದಲಾಯಿಸುವಾಗ ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡು: ಮಳೆಗಾಲವಿಡೀ ಕೂತರೆ ಅದಕ್ಕೇನಾಗುತ್ತದೆ? ಮೊಗ್ಗು ನೀರಿಗೆ ಕಾಯುತ್ತಿರುವ ವಾರ ಕೆಟ್ಟು ನಿಂತರೆ ಹತ್ತಿರದಲ್ಲಿ ಯಾರು ಸರಿ ಮಾಡುತ್ತಾರೆ?

ಬಿಚ್ಚಿ ಕಟ್ಟಿದ ಹಳೇ ಎಂಜಿನ್, ಹೊಸ ಎಂಜಿನ್, ಮೋಟಾರ್ ಮೂರನ್ನೂ ನಾವು ಹೋಲಿಸಿದ್ದು ಒಂದೇ ಪಂಪು, ಒಂದೇ ಪೈಪ್‌ಲೈನಿನ ಮೇಲೆ. ಜೆಟ್ (ತಿರುಗುತ್ತ ನೀರು ಚಿಮ್ಮುವ ಸ್ಪ್ರಿಂಕ್ಲರ್) ಬಾಯಲ್ಲಿ 35 ಮೀಟರ್ ಒತ್ತಡ, ಕೆರೆಯಿಂದ ದಿಣ್ಣೆಗೆ 25 ಮೀಟರ್ ಏರು, ಪೈಪಿನ ಘರ್ಷಣೆಗೆ 10, ಒಟ್ಟು 70 ಮೀಟರ್. ಇದಕ್ಕೆ ಶಾಫ್ಟಿನಲ್ಲಿ 15 ಎಚ್‌ಪಿ ಬೇಕು. ಕೊಡಗಿನ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಶೇ. 10ರಷ್ಟು ತೆಳು, ಪ್ಲೇಟಿನ ಮೇಲೆ 20 ಎಂದಿರುವ ಎಂಜಿನ್ ಇಲ್ಲಿ ಕೊಡುವುದು 18ರ ಆಸುಪಾಸು. ‘15 ಸಾಕು’ ಎಂದು ಬಯಲುಸೀಮೆಯ ಲೆಕ್ಕ ಹೇಳುವ ಅಂಗಡಿಯವರ ಮಾತು ಕೊಡಗಿಗೆ ಹೊಂದುವುದಿಲ್ಲ. ಅಂಥ ಎಂಜಿನ್ ಕಪ್ಪು ಹೊಗೆ ಉಗುಳುತ್ತಲೇ ಇರುತ್ತದೆ.

ಹಳೆಯದು ಎರಡು ಸಿಲಿಂಡರಿನ, ನೀರಿನಿಂದ ತಣಿಯುವ, 20 ಎಚ್‌ಪಿ, 1500 ಆರ್‌ಪಿಎಂ ಎಂಜಿನ್. ನೀಲಿ ಹೊಗೆ, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಆವಿ, ಗಂಟೆಗೆ 4.7 ಲೀಟರ್ ಡೀಸೆಲ್. ಬಿಚ್ಚಿ ಕಟ್ಟಿದ ಮೇಲೆ 3.8ಕ್ಕೆ ಇಳಿಯಿತು. ಹೊಸ ಏರ್‌ಕೂಲ್ಡ್ ಎಂಜಿನ್ ತೆಗೆದುಕೊಂಡದ್ದು 3.5. ಇವೆರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 54 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ಐದು ಸಾವಿರದೊಳಗೆ. ಡೀಸೆಲ್ ಉಳಿತಾಯವೊಂದನ್ನೇ ನಂಬಿ ಹೊಸ ಎಂಜಿನ್ ಕೊಂಡರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಬಿಚ್ಚಿ ಕಟ್ಟಿಸುವ ತೀರ್ಮಾನ ನಿಲ್ಲುವುದು ಕ್ರ್ಯಾಂಕ್ ಮತ್ತು ಬ್ಲಾಕ್ ಮೇಲೆ. ಕ್ರ್ಯಾಂಕ್ ಪಿನ್ನನ್ನು ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿಗೂ ಅಳೆಯಿರಿ. 0.25 ಅಥವಾ 0.50 ಮಿ.ಮೀ. ಗ್ರೈಂಡಿಂಗಿನಲ್ಲಿ ಸರಿಯಾಗುವಂತಿದ್ದರೆ ಮಾಡಿಸಬಹುದು, ಈಗಾಗಲೇ 0.75 ದಾಟಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಲೈನರ್, ಪಿಸ್ಟನ್, ರಿಂಗ್, ಗಜನ್ ಪಿನ್ ಒಂದೇ ಕಿಟ್ಟಿನಲ್ಲಿ ಸಿಗುತ್ತವೆ. ತಪ್ಪಾಗುವುದು ಲೈನರಿನ ಕೆಳಗಿನ ರಬ್ಬರ್ ರಿಂಗ್ ಕೂರುವ ಜಾಗದಲ್ಲಿ. ಅಲ್ಲಿನ ತುಕ್ಕು ಕೆರೆಯದೆ ಹೊಸ ರಿಂಗ್ ಒತ್ತಿದರೆ ಹತ್ತೇ ಗಂಟೆಯಲ್ಲಿ ನೀರು ಸಂಪಿಗೆ (ಆಯಿಲ್ ನಿಲ್ಲುವ ತಳದ ತೊಟ್ಟಿಗೆ) ಇಳಿದು ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬರುತ್ತದೆ. ಜಾಕೆಟ್ಟಿನ (ಸಿಲಿಂಡರಿನ ಸುತ್ತ ತಣಿಸುವ ನೀರು ಹರಿಯುವ ಪೊಳ್ಳು) ಒಳಗೆ ಗಟ್ಟಿಯಾದ ಕೆರೆ ಕೆಸರನ್ನು ಕಂಬಿ ಹಾಕಿ ಪೂರ್ತಿ ತೆಗೆಯಬೇಕು. ತಣಿಸುವ ನೀರನ್ನು ಡೆಲಿವರಿ ಲೈನಿನಿಂದ ನೇರ ತೆಗೆದರೆ 7 ಕೆ.ಜಿ. ಒತ್ತಡ ಜಾಕೆಟ್ಟಿನ ಮೇಲೆ ಬೀಳುತ್ತದೆ. ಗೇಟ್‌ವಾಲ್ವ್ ಒಳಹರಿವಿನ ಕಡೆಗೇ ಇರಲಿ, ಹೊರಹರಿವಿಗೆ ಯಾವ ತಡೆಯೂ ಬೇಡ. ಕಟ್ಟಿದ ಮೇಲೆ ಮೊದಲ 50 ಗಂಟೆ ಕಡಿಮೆ ಲೋಡಿನಲ್ಲಿ, ಅಂದರೆ ಅರ್ಧದಷ್ಟೇ ಜೆಟ್ ಹಾಕಿ ಓಡಿಸಿ. ಆಮೇಲೆ ಆಯಿಲ್ ಬದಲಿಸಿ.

ಏರ್‌ಕೂಲ್ಡ್ ಎಂಜಿನ್ನಿನ ದೊಡ್ಡ ಗುಣ, ನೀರಿನ ರಗಳೆಯೇ ಇಲ್ಲ. ಕೂತಲ್ಲಿ ಜಾಕೆಟ್ ತುಕ್ಕು ಹಿಡಿಯುವುದಿಲ್ಲ, ಕೆಸರು ಕಟ್ಟುವುದಿಲ್ಲ. ಆದರೆ ನಮ್ಮ ಪಂಪ್‌ಹೌಸುಗಳು ಎಂಟಡಿಗೆ ಎಂಟಡಿ. ಬಿಸಿಗಾಳಿಯನ್ನು ತಗಡಿನ ಕೊಳವೆ ಕಟ್ಟಿ ಗೋಡೆಯಾಚೆ ಬಿಡದಿದ್ದರೆ ಬ್ಲೋವರ್ ಅದೇ ಗಾಳಿಯನ್ನು ಮತ್ತೆ ಎಳೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಸೋಲುತ್ತದೆ. ಸಿಲ್ವರ್ ಓಕ್ ಎಲೆ, ಇಲಿಗೂಡು ಸಿಲಿಂಡರಿನ ರೆಕ್ಕೆಗಳ ನಡುವೆ ಸೇರಿಕೊಳ್ಳುತ್ತವೆ. ಫೆಬ್ರವರಿಯಲ್ಲಿ ಸ್ಟಾರ್ಟ್ ಮಾಡುವ ಮುಂಚೆ ರೆಕ್ಕೆಗಳ ಮೇಲಿನ ತಗಡಿನ ಮುಚ್ಚಿಗೆ, ಅಂದರೆ ಕೌಲ್, ಬಿಚ್ಚಿ ನೋಡಲೇಬೇಕು.

ಯಾವುದನ್ನು ಆರಿಸಿದರೂ ಹಳೆಯದನ್ನು ಎತ್ತಲೇಬೇಕು. ಬೇಸ್ ಸೇರಿ ಅರ್ಧ ಟನ್ ಹತ್ತಿರದ ತೂಕ. ಫೌಂಡೇಶನ್ ನಟ್ಟುಗಳಿಗೆ ಎರಡು ದಿನ ಮುಂಚೆಯೇ ಸೀಮೆಎಣ್ಣೆ ಬಿಡಿ. ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಡೀಸೆಲ್ ಪೈಪಿನ ಬಾಯಿ ಮುಚ್ಚಿ, ಸೈಲೆನ್ಸರ್ ಮತ್ತು ಏರ್‌ಕ್ಲೀನರ್ ತೆಗೆಯಿರಿ. ಮೂರಿಂಚಿನ ಜಿಐ ಪೈಪಿನ ಮುಕ್ಕಾಲಿ, ಒಂದು ಟನ್ನಿನ ಚೈನ್ ಬ್ಲಾಕ್ ಸಾಕು. ಮುಕ್ಕಾಲಿಯ ಕಾಲುಗಳನ್ನು ಕೆಳಗೆ ಹಗ್ಗದಿಂದ ಬಿಗಿಯದಿದ್ದರೆ ಸಿಮೆಂಟ್ ನೆಲದ ಮೇಲೆ ಜಾರುತ್ತವೆ. ಕೊಕ್ಕೆ ಹಾಕುವುದು ಎತ್ತುವ ಕಣ್ಣಿಗೆ ಮಾತ್ರ, ಮ್ಯಾನಿಫೋಲ್ಡಿಗಲ್ಲ. ಬಾಗಿಲು ಕಿರಿದಾದರೆ ಫ್ಲೈವೀಲನ್ನು ಬೇರೆಯಾಗಿ ತೆಗೆದು, ಹಲಗೆಯ ಮೇಲೆ ಪೈಪ್ ತುಂಡುಗಳನ್ನಿಟ್ಟು ಉರುಳಿಸಿ.

ಹೊಸ ಎಂಜಿನ್ನಿನ ಪಾದದ ತೂತು ಹಳೆಯ ಬೋಲ್ಟಿಗೆ ಕೂರುವುದಿಲ್ಲ, ಶಾಫ್ಟಿನ ಎತ್ತರವೂ ಬೇರೆ. ಕಾಂಕ್ರೀಟು ಒಡೆಯುವ ಬದಲು 100 ಮಿ.ಮೀ. ಚಾನೆಲ್ಲಿನ ಫ್ರೇಮ್ ಮಾಡಿಸಿ ಪಂಪನ್ನೂ ಎಂಜಿನ್ನನ್ನೂ ಅದರ ಮೇಲೆಯೇ ಕೂರಿಸುವುದು ಲೇಸು. ಎತ್ತರ ಹೊಂದಿಸಲು ಪಾದದಡಿ ತಗಡಿನ ಶಿಮ್ ಮಾತ್ರ ಹಾಕಿ. ಟ್ಯೂಬಿನ ರಬ್ಬರ್ ತುಂಡು ಇಟ್ಟರೆ ವಾರದಲ್ಲಿ ಒತ್ತಿ ಹೋಗುತ್ತದೆ. ಎಂಜಿನ್ನಿನ ಶಾಫ್ಟನ್ನು ಪಂಪಿನ ಶಾಫ್ಟಿಗೆ ಸೇರಿಸುವ ಕಪ್ಲಿಂಗಿನ ನಡುವೆ 3–4 ಮಿ.ಮೀ. ಸಂದು ಬಿಟ್ಟು, ಮೇಲೆ, ಕೆಳಗೆ, ಎರಡೂ ಬದಿ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ನೋಡಿ. ನಾಲ್ಕು ಕಡೆಯ ವ್ಯತ್ಯಾಸ 0.15 ಮಿ.ಮೀ. ಮೀರಬಾರದು. ಸಕ್ಷನ್, ಡೆಲಿವರಿ ಪೈಪ್ ಬಿಗಿದ ಮೇಲೆ ಇನ್ನೊಮ್ಮೆ, ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ಪೈಪಿನ ಎಳೆತಕ್ಕೇ ಪಂಪು ಜರುಗುತ್ತದೆ. ‘ಹೊಸ ಎಂಜಿನ್ ಸರಿಯಿಲ್ಲ, ಕಪ್ಲಿಂಗಿನ ಬುಷ್ ತಿನ್ನುತ್ತದೆ’ ಎಂಬ ದೂರು ಬಂದಲ್ಲೆಲ್ಲ ಮೊದಲು ನೋಡಬೇಕಾದದ್ದು ಇದನ್ನೇ. ಎಂಜಿನ್ ತಿರುಗುವ ದಿಕ್ಕನ್ನು ಕೊಳ್ಳುವ ಮುಂಚೆ ಪಂಪಿನ ಬಾಣದ ಗುರುತಿನೊಂದಿಗೆ ತಾಳೆ ನೋಡಿ. ಉಲ್ಟಾ ತಿರುಗಿದರೆ ನೀರು ಬಂದರೂ ಜೆಟ್ ತಿರುಗುವಷ್ಟು ಒತ್ತಡ ಬರುವುದಿಲ್ಲ.

15 ಎಚ್‌ಪಿ ಮೋಟಾರ್ ಗಂಟೆಗೆ 13 ಯೂನಿಟ್ ತೆಗೆದುಕೊಂಡಿತು. ಶಬ್ದವಿಲ್ಲ, ಆಯಿಲ್ ಇಲ್ಲ. ಆದರೆ 1500ರ ಜಾಗದಲ್ಲಿ 1450 ತಿರುಗುವುದರಿಂದ ಒತ್ತಡ ಶೇ. 6–7 ಕಡಿಮೆ, ದಿಣ್ಣೆಯ ತುದಿಯ ಸಾಲಿಗೆ ಒಂದು ಜೆಟ್ ಕಡಿಮೆ ಹಾಕಬೇಕಾಯಿತು. ಅದಕ್ಕಿಂತ ದೊಡ್ಡದು ವೋಲ್ಟೇಜ್. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ: 415 ಇರಬೇಕಾದಲ್ಲಿ 340 ಬಂದರೆ ಮೂರರಲ್ಲೊಂದು ಪಾಲು ಬಲ ಹೋಯಿತು. ಎಲ್ಲ ತೋಟದವರೂ ಒಟ್ಟಿಗೆ ನೀರು ಹೊಡೆಯುವ ಮಾರ್ಚಿಯಲ್ಲೇ ಇದು ಆಗುವುದು. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇಲ್ಲದೆ ಓಡಿಸಬೇಡಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಮೋಟಾರಿನ ಫೇಸ್ ಲೈನಿನಲ್ಲಿದ್ದರೆ ಪೂರ್ತಿ ಕರೆಂಟಿನ ಶೇ. 58ಕ್ಕೆ, 21 ಆಂಪ್ಸಿನ ಮೋಟಾರಿಗೆ 12ಕ್ಕೆ, ಇಡಬೇಕು. 21ಕ್ಕೇ ಇಟ್ಟರೆ ಮೋಟಾರ್ ಸುಟ್ಟರೂ ರಿಲೇ ಬೀಳುವುದಿಲ್ಲ.

ಟ್ರ್ಯಾಕ್ಟರಿನ ಪಿಟಿಒಗೆ (ಹಿಂದಿನ ತಿರುಗುವ ಶಾಫ್ಟು) ಪಂಪು ಜೋಡಿಸುವುದು ತುರ್ತಿಗೆ ಚೆನ್ನ, ಆದರೆ ಕೊಯ್ದ ರೊಬಸ್ಟಾ ಸಾಗಿಸಲು ಅದೇ ಟ್ರ್ಯಾಕ್ಟರ್ ಬೇಕು. ಹಳೇ ಲಾರಿ ಎಂಜಿನ್ ಇಷ್ಟು ಸಣ್ಣ ಹೊರೆಗೆ ದಂಡ.

ಕ್ರ್ಯಾಂಕ್ ಸರಿಯಿದ್ದು, ಖರ್ಚು ಹೊಸದರ ಬೆಲೆಯ ಅರ್ಧ ದಾಟದಿದ್ದರೆ ನಮ್ಮ ಮತ ಹಳೆಯದನ್ನೇ ಕಟ್ಟಿಸುವುದಕ್ಕೆ. ಬ್ಲಾಕ್ ಹೋಗಿದ್ದರೆ ಏರ್‌ಕೂಲ್ಡ್. ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದವರು ಮೋಟಾರ್ ಹಾಕಲಿ, ಡೀಸೆಲ್ ಎಂಜಿನ್ನನ್ನು ಮಾತ್ರ ಮಾರದಿರಲಿ. ಕೆಲಸ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಮುಂಚೆ ಮುಗಿಯಬೇಕು. ಲೇತಿಗೆ, ಗ್ರೈಂಡಿಂಗಿಗೆ ಮೈಸೂರಿಗೆ ಕಳಿಸಿದ್ದು ಮರಳಿ ಬರಲು ದಿನ ಹಿಡಿಯುತ್ತದೆ, ಫೌಂಡೇಶನ್ ತುಂಬಿದ ಸಿಮೆಂಟಿಗೆ ಏಳು ದಿನವಾದರೂ ನೀರುಣಿಸಬೇಕು. ಬ್ಯಾಕಿಂಗ್ ಮುಗಿದ ದಿನವೇ ಹೊಸ ಆಯಿಲ್ ಹಾಕಿ ಐದು ನಿಮಿಷ ಓಡಿಸಿ ನಿಲ್ಲಿಸಿ, ಇಂಜೆಕ್ಟರ್ ತೆಗೆದು ಪ್ರತಿ ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ, ಡೀಸೆಲ್ ಟ್ಯಾಂಕನ್ನು ಕಂಠಪೂರ್ತಿ ತುಂಬಿ, ಸೈಲೆನ್ಸರ್ ಬಾಯಿಗೆ ಡಬ್ಬಿ ಕವುಚಿ. ನೀರಿನ ಎಂಜಿನ್ ಆದರೆ ಜಾಕೆಟ್ಟಿನ ಡ್ರೈನ್ ಪ್ಲಗ್ ಬಿಚ್ಚಿ ಅದನ್ನು ಕೀಲಿಯ ಜೊತೆ ಕಟ್ಟಿಡಿ.