ಮೂಡಿಗೆರೆಯ ಮಳೆಗಾಲದಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ: ಶಾಲೆಯ 14 ಕಂಪ್ಯೂಟರುಗಳ ಅನುಭವ

ನಾನು ಪಾಠ ಮಾಡುವ ಪ್ರೌಢಶಾಲೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಲ್ಲಿದೆ. ಇಲ್ಲಿನ ಕಂಪ್ಯೂಟರ್ ಕೊಠಡಿಯ 14 ಯಂತ್ರಗಳಿಗೆ 2023ರ ದಸರಾ ರಜೆಯಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿದೆವು. ಹಾಕುವುದು ಕಷ್ಟವಾಗಲಿಲ್ಲ, ಆಮೇಲಿನ ಅಪ್‌ಡೇಟ್‌ಗಳು ಕಷ್ಟವಾದವು. ಕರ್ನಲ್ (ವ್ಯವಸ್ಥೆಯ ತಿರುಳು), ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೂರಕ್ಕೂ ಒಟ್ಟಿಗೆ ಹೊಸ ಆವೃತ್ತಿ ಬಂದ ವಾರ ಒಂದು ಯಂತ್ರಕ್ಕೆ ಸುಮಾರು 400 ಎಂಬಿ ಇಳಿಸಬೇಕಾಗಿತ್ತು. ಅವೇ ಕಡತಗಳನ್ನು 14 ಸಲ ಇಳಿಸಿದರೆ 5.6 ಜಿಬಿ ಆಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಮರ ಬಿದ್ದು ಕೇಬಲ್ ಹರಿಯುವ, ಕರೆಂಟು ದಿನಗಟ್ಟಲೆ ಬಾರದಿರುವ ನಮ್ಮ ಊರಿನಲ್ಲಿ ಅಷ್ಟನ್ನು ಇಳಿಸಿ ಮುಗಿಸುವಷ್ಟರಲ್ಲಿ ಮುಂದಿನ ಅಪ್‌ಡೇಟ್ ಬಂದಿರುತ್ತಿತ್ತು.

ಮೊದಲು ಆಪ್ಟ್-ಮಿರರ್ ಎಂಬ ತಂತ್ರಾಂಶ ಬಳಸಿ ಡೆಬಿಯನ್‌ನ ಪೂರ್ಣ ಮಿರರನ್ನೇ (ಎಲ್ಲ ಕಡತಗಳ ನಕಲನ್ನೇ) ಶಾಲೆಯಲ್ಲಿ ಇಟ್ಟುಕೊಳ್ಳುವ ಯೋಚನೆ ಮಾಡಿದ್ದೆ. ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಇವೆ, ಅವೆಲ್ಲವನ್ನೂ ತಂದಿಟ್ಟುಕೊಳ್ಳಲು ನೂರಾರು ಜಿಬಿ ಜಾಗ ಬೇಕು. ನಮ್ಮ ಯಂತ್ರಗಳಲ್ಲಿ ಇರುವುದು ಎರಡು ಸಾವಿರದಷ್ಟು ಪ್ಯಾಕೇಜು ಮಾತ್ರ. ಎಂದೂ ತೆರೆಯದ ಕಡತಗಳಿಗಾಗಿ ನಮ್ಮ ಸಣ್ಣ ಸಂಪರ್ಕವನ್ನು ಹಗಲು ರಾತ್ರಿ ದುಡಿಸುವುದು ನನಗೆ ಸರಿ ಕಾಣಲಿಲ್ಲ. ಹೀಗಾಗಿ, ಕೇಳಿದ ಪ್ಯಾಕೇಜನ್ನು ಮಾತ್ರ ಒಮ್ಮೆ ತಂದು ಉಳಿದವರಿಗೆಲ್ಲ ಅದನ್ನೇ ಹಂಚುವ ಆಪ್ಟ್-ಕ್ಯಾಶರ್-ಎನ್‌ಜಿ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡೆ.

ಇದನ್ನು ಅನುಸ್ಥಾಪಿಸಲು ವಿಶೇಷ ಯಂತ್ರವೇನೂ ಬೇಡ. ಕಚೇರಿಯಿಂದ ಹೊರಗಿಟ್ಟಿದ್ದ, 4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪಿಗೆ 500 ಜಿಬಿಯ ಹಾರ್ಡ್ ಡಿಸ್ಕ್ ಹಾಕಿ, ಡೆಬಿಯನ್‌ನದೇ ರೆಪೊಸಿಟರಿಯಿಂದ (ಪ್ಯಾಕೇಜುಗಳ ಸಂಗ್ರಹದಿಂದ) ಒಂದು ಆದೇಶದಲ್ಲಿ ಹಾಕಿಕೊಂಡೆ. ಅದು 3142ನೇ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. ಉಳಿದ ಪ್ರತಿ ಯಂತ್ರದಲ್ಲೂ, ಪ್ಯಾಕೇಜುಗಳನ್ನು ಇಳಿಸಿ ಹಾಕುವ ಆಪ್ಟ್‌ನ ಸೆಟ್ಟಿಂಗ್ ಫೋಲ್ಡರಿನಲ್ಲಿ ಆ ಡೆಸ್ಕ್‌ಟಾಪಿನ ಐಪಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಬರೆದ ಒಂದು ಸಾಲಿನ ಕಡತ ಇಟ್ಟರೆ ಸಾಕು. ಮೊದಲ ಯಂತ್ರ ಅಪ್‌ಡೇಟ್ ಆಗಲು ಹಿಂದಿನಷ್ಟೇ ಹೊತ್ತು ಹಿಡಿಯಿತು. ಎರಡನೆಯದರಿಂದ ಹದಿನಾಲ್ಕನೆಯದರವರೆಗೆ ಡೌನ್‌ಲೋಡ್ ಶಾಲೆಯ ಸ್ವಿಚ್‌ನ ವೇಗದಲ್ಲೇ ಮುಗಿದು, ಒಂದೇ ಮಧ್ಯಾಹ್ನದಲ್ಲಿ ಇಡೀ ಕೊಠಡಿಯ ಕೆಲಸ ಆಯಿತು. ಅದಕ್ಕೆ ಮೊದಲು ಇದೇ ಕೆಲಸಕ್ಕೆ ನಾನು ಎರಡು ಶನಿವಾರ ಕೊಡುತ್ತಿದ್ದೆ.

ಹೀಗೆ ಮಧ್ಯದಲ್ಲಿ ಒಂದು ಯಂತ್ರ ಕುಳಿತು ಕಡತ ಹಂಚಿದರೆ ಅದನ್ನು ನಂಬುವುದು ಹೇಗೆ ಎಂದು ನಮ್ಮ ಗಣಿತದ ಮೇಡಂ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆ ಅದು. ಡೆಬಿಯನ್ ತನ್ನ ಪ್ಯಾಕೇಜು ಪಟ್ಟಿಗಳಿಗೆ ಡಿಜಿಟಲ್ ಸಹಿ ಹಾಕಿರುತ್ತದೆ, ಪ್ರತಿ ಪ್ಯಾಕೇಜಿನ ಹ್ಯಾಶ್ ಮೊತ್ತವೂ (ಕಡತ ಬದಲಾದರೆ ತಾನೂ ಬದಲಾಗುವ ಲೆಕ್ಕದ ಗುರುತು) ಆ ಪಟ್ಟಿಯಲ್ಲಿರುತ್ತದೆ. ಆ ಸಹಿಯನ್ನೂ ಮೊತ್ತವನ್ನೂ ಪರಿಶೀಲಿಸುವುದು ಮಕ್ಕಳು ಕುಳಿತಿರುವ ಯಂತ್ರದ ಆಪ್ಟ್, ನಡುವೆ ಕುಳಿತು ಕಡತ ಹಂಚುವ ಯಂತ್ರ, ಅಂದರೆ ಪ್ರಾಕ್ಸಿ, ಅಲ್ಲ. ಆದ್ದರಿಂದ ದಾರಿಯಲ್ಲಿ ಕಡತ ಕೆಟ್ಟರೂ, ಯಾರಾದರೂ ಬದಲಿಸಿದರೂ ಅದು ಒಳಗೆ ಹೋಗುವುದಿಲ್ಲ.

ಈ ತಂತ್ರಾಂಶದ ನಿಜವಾದ ಕಷ್ಟ ನಮಗೆ ತಿಳಿದದ್ದು ಪುನರ್ವಸು ಮಳೆಯಲ್ಲಿ. ಸಂಪರ್ಕ ನಡುವೆಯೇ ಕಡಿದಾಗ ಕೆಲವೊಮ್ಮೆ ಪಟ್ಟಿಯ ಕಡತವೊಂದು ಹಾಳಾಗಿ, ಇಳಿಸಿದ್ದನ್ನು ಕೂಡಿಡುವ ಕ್ಯಾಶ್‌ನಲ್ಲಿ ಉಳಿಯುತ್ತಿತ್ತು. ಆಮೇಲೆ ಎಲ್ಲ ಯಂತ್ರಗಳೂ ಹ್ಯಾಶ್ ಮೊತ್ತ ಹೊಂದುತ್ತಿಲ್ಲವೆಂದು ಒಂದೇ ದೂರು ಹೇಳುತ್ತಿದ್ದವು. ಒಂದು ಯಂತ್ರಕ್ಕೆ ಬರಬೇಕಾಗಿದ್ದ ತೊಂದರೆ ಹೀಗೆ ಹದಿನಾಲ್ಕಕ್ಕೂ ಬರುತ್ತದೆ ಎಂಬುದನ್ನು ಇದನ್ನು ಬಳಸುವವರು ಮೊದಲೇ ತಿಳಿದಿರಬೇಕು. ಬ್ರೌಸರಿನಲ್ಲಿ ತೆರೆಯುವ ಇದರ ವರದಿ ಪುಟದಲ್ಲಿ, ಪಟ್ಟಿಗಳನ್ನು ಬಲವಂತವಾಗಿ ಮತ್ತೆ ಇಳಿಸುವ ಆಯ್ಕೆಗೆ ಗುರುತು ಹಾಕಿ ಪರಿಶೀಲನೆ ಆರಂಭಿಸಿದರೆ ಸರಿಹೋಗುತ್ತದೆ. ಆ ಪುಟವನ್ನು ಕೊಠಡಿಯಲ್ಲಿರುವ ಯಾರು ಬೇಕಾದರೂ ತೆರೆಯಬಹುದಾದ್ದರಿಂದ ನಾನು ಅದಕ್ಕೆ ಪಾಸ್‌ವರ್ಡ್ ಹಾಕಿದ್ದೇನೆ.

ಹಳೆಯ ಪ್ಯಾಕೇಜುಗಳನ್ನು ತೆಗೆಯುವ ಕ್ರಮವನ್ನೂ ಮಳೆಗಾಲ ಕೆಡಿಸುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದ ಕಡತವನ್ನು ನಾಲ್ಕು ದಿನ ಇಟ್ಟುಕೊಂಡು ಆಮೇಲೆ ಅಳಿಸುವುದು ಇದರ ಮೂಲ ಸೆಟ್ಟಿಂಗ್. ಆದರೆ ಪಟ್ಟಿಗಳು ಸರಿಯಾಗಿ ಇಳಿಯದಿದ್ದರೆ ಏನನ್ನೂ ಅಳಿಸದೆ ನಿಲ್ಲಿಸಿಬಿಡುತ್ತದೆ. ಬೇಕಾದದ್ದನ್ನೇ ಅಳಿಸಿ ಕೂರುವುದಕ್ಕಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯವಾದರೂ, ಜುಲೈ ಮತ್ತು ಆಗಸ್ಟ್‌ನಲ್ಲಿ ಕ್ಯಾಶ್ ಬೆಳೆಯುತ್ತಲೇ ಹೋಗುವುದರಿಂದ ಡಿಸ್ಕಿನಲ್ಲಿ ಧಾರಾಳ ಜಾಗ ಬಿಟ್ಟಿರಬೇಕು.

ಸಂಪರ್ಕವೇ ಇಲ್ಲದ ವಾರಗಳಿಗಾಗಿ ಇರುವ ಇನ್ನೊಂದು ಸೌಲಭ್ಯವನ್ನು ನಾನು ಮನಸಾರೆ ಮೆಚ್ಚಿಕೊಂಡಿದ್ದೇನೆ. ಚಿಕ್ಕಮಗಳೂರಿನ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಇಳಿಸಿದ ಪ್ಯಾಕೇಜುಗಳನ್ನು ಪೆನ್‌ಡ್ರೈವಿನಲ್ಲಿ ತಂದು, ಕ್ಯಾಶ್ ಫೋಲ್ಡರಿನೊಳಗಿನ ಆಮದು ಫೋಲ್ಡರಿಗೆ ಹಾಕಿ, ವರದಿ ಪುಟದಿಂದ ಆಮದು ಮಾಡಿಕೊಳ್ಳಬಹುದು. ಇದಕ್ಕೆ ಎರಡು ಎಚ್ಚರ ಬೇಕು. ಆ ಪ್ಯಾಕೇಜುಗಳ ಹೆಸರಿರುವ ಪಟ್ಟಿ ಮೊದಲೇ ಪ್ರಾಕ್ಸಿಯಲ್ಲಿ ಇರಬೇಕು; ಆದ್ದರಿಂದ ಸಂಪರ್ಕ ಹತ್ತು ನಿಮಿಷ ಬಂದರೂ ನಾನು ಮೊದಲು ಪಟ್ಟಿಗಳನ್ನಷ್ಟೇ ತರಿಸಿಕೊಳ್ಳುತ್ತೇನೆ. ಮನೆಯಲ್ಲಿ ಇಳಿಸುವಾಗ ಆಪ್ಟ್-ಗೆಟ್ ಆದೇಶವನ್ನೇ ಬಳಸಬೇಕು, ಏಕೆಂದರೆ ಬರಿಯ ಆಪ್ಟ್ ಆದೇಶವು ಅನುಸ್ಥಾಪನೆ ಮುಗಿದ ಕೂಡಲೇ ಇಳಿಸಿದ ಕಡತಗಳನ್ನು ಅಳಿಸಿಬಿಡುತ್ತದೆ. ಇದು ತಿಳಿಯದೆ ನಾನು ಒಮ್ಮೆ ಖಾಲಿ ಫೋಲ್ಡರನ್ನು 30 ಕಿಲೋಮೀಟರ್ ಹೊತ್ತು ತಂದಿದ್ದೆ.

ಎಚ್‌ಟಿಟಿಪಿಎಸ್ ವಿಳಾಸವಿರುವ ಹೊರಗಿನ ರೆಪೊಸಿಟರಿಗಳ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ಮೂಲ ಸೆಟ್ಟಿಂಗಿನಲ್ಲಿ ಅವನ್ನು ಪ್ರಾಕ್ಸಿ ತಡೆಯುತ್ತದೆ. ಹಾಗೇ ದಾಟಿ ಹೋಗಲು ಅನುಮತಿ ಕೊಟ್ಟರೆ ಕಡತಗಳು ಕ್ಯಾಶ್ ಆಗುವುದಿಲ್ಲ. ಎರಡೂ ಆಗಬೇಕೆಂದರೆ ಪ್ರತಿ ಯಂತ್ರದಲ್ಲೂ ಆ ರೆಪೊಸಿಟರಿಯ ವಿಳಾಸವನ್ನು ಈ ತಂತ್ರಾಂಶ ಕೇಳುವ ರೂಪಕ್ಕೆ ತಿದ್ದಿ ಬರೆಯಬೇಕು. ಆಪ್ಟ್ ಬಿಟ್ಟು ಬೇರೆ ದಾರಿಯಲ್ಲಿ ಬರುವ ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್‌ಗಳಿಗಂತೂ ಇದರಿಂದ ಪ್ರಯೋಜನವಿಲ್ಲ. ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ 22.04 ಆವೃತ್ತಿಯಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬರುವುದರಿಂದ, ಉಬುಂಟು ಹಾಕಿಕೊಂಡಿರುವ ಶಾಲೆಗಳಿಗೆ ನಮ್ಮಷ್ಟು ಉಳಿತಾಯ ಆಗಲಾರದು.

ಮನೆಗೂ ಶಾಲೆಗೂ ಓಡಾಡುವ ಶಿಕ್ಷಕರ ಲ್ಯಾಪ್‌ಟಾಪುಗಳಿಗೆ ಆ ಒಂದು ಸಾಲಿನ ಕಡತವನ್ನು ಹಾಕಬಾರದು. ಹಾಕಿದರೆ ಮನೆಯಲ್ಲಿ ಪ್ರಾಕ್ಸಿ ಸಿಗದೆ ಅಪ್‌ಡೇಟ್ ನಿಂತುಹೋಗುತ್ತದೆ. ಅವುಗಳಿಗೆ ಆಟೊ-ಆಪ್ಟ್-ಪ್ರಾಕ್ಸಿ ಎಂಬ ಇನ್ನೊಂದು ಸಣ್ಣ ಪ್ಯಾಕೇಜನ್ನು ಹಾಕಿದ್ದೇನೆ. ಶಾಲೆಯ ಜಾಲದಲ್ಲಿ ಪ್ರಾಕ್ಸಿ ಕಂಡರೆ ಅದರ ಮೂಲಕ, ಕಾಣದಿದ್ದರೆ ನೇರವಾಗಿ ಹೋಗುವಂತೆ ಅದು ನೋಡಿಕೊಳ್ಳುತ್ತದೆ.