ಹೋಮ್‌ಸ್ಕೂಲಾ, ಸ್ಪೆಷಲ್ ಸ್ಕೂಲಾ, ಸರ್ಕಾರಿ ಸ್ಕೂಲಾ: ನಮ್ಮನೆ ಎರಡು ಮಕ್ಕಳ ಲೆಕ್ಕ

"ಯಾವ್ದು ಬೆಸ್ಟು ಹೇಳಿ ಮೇಡಂ" ಅಂತ ಮಕ್ಕಳ ಥೆರಪಿಗೆ ಕಾಯ್ತಾ ಕೂತಾಗ ಪಕ್ಕದಲ್ಲಿರೋ ಅಮ್ಮಂದಿರು ಯಾರಾದ್ರೂ ಕೇಳೇ ಕೇಳ್ತಾರೆ, ನಾನು ಬಾಯಿ ಬಿಡೋ ಅಷ್ಟರಲ್ಲಿ ಅವರ ಮಗು ಹೆಸ್ರು ಕರೀತಾರೆ, ಮಾತು ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರ್ದುಬಿಡೋಣ ಅಂತ. ನಾನು ಟೀಚರ್ ಅಲ್ಲ, ಬಿ.ಕಾಂ. ಮಾಡಿ ಹನ್ನೊಂದು ವರ್ಷ ಆಡಿಟರ್ ಆಫೀಸಲ್ಲಿ ದುಡಿದೋಳು. ಮೈಸೂರಲ್ಲೇ ಮನೆ. ದೊಡ್ಡವಳಿಗೆ ಈಗ ಹದಿನಾಲ್ಕು, ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಓದೋದು ಬರೆಯೋದು ಕಷ್ಟ. ಚಿಕ್ಕೋನಿಗೆ ಹತ್ತು, ಆಟಿಸಂ, ಮಾತು ಕಮ್ಮಿ.

ಮೊದಲೇ ಹೇಳ್ಬಿಡ್ತೀನಿ, ನಮ್ಮಲ್ಲಿ ಲೆಕ್ಕ ತಲೆಕೆಳಗಾಯ್ತು. ಹೋಮ್‌ಸ್ಕೂಲಿಂಗ್ ಶುರು ಮಾಡಿದ್ದು ಚಿಕ್ಕೋನಿಗೋಸ್ಕರ, ಹಿಡಿಸಿದ್ದು ದೊಡ್ಡವಳಿಗೆ. ಅವನು ಮನೇಲಿ ಮುದುಡಿಹೋದ, ಸ್ಕೂಲಿಗೆ ಹೋದ್ಮೇಲೆ ಸರಿಹೋದ.

ಪ್ರೈವೇಟ್ ಸ್ಕೂಲ್ ವಿಷ್ಯ ಬೇಗ ಮುಗಿಸ್ತೀನಿ. 2019ರಲ್ಲಿ ಚಿಕ್ಕೋನ್ನ ಅಕ್ಕನ ಸ್ಕೂಲಲ್ಲೇ ಎಲ್‌ಕೆಜಿಗೆ ಹಾಕಿದ್ವಿ. ಎರಡು ವಾರಕ್ಕೆ ಕರೆಸಿ "ಶ್ಯಾಡೋ ಟೀಚರ್ ನೀವೇ ಇಟ್ಕೊಳಿ, ಸಂಬಳ ನೀವೇ ಕೊಡಿ" ಅಂದ್ರು, ಅಂದ್ರೆ ಕ್ಲಾಸಲ್ಲಿ ಇವನೊಬ್ಬನ ಜೊತೆಗೇ ಇರೋ ಟೀಚರ್. ಫೀಸಿನ ಜೊತೆಗೆ ತಿಂಗಳಿಗೆ ಒಂಬತ್ತು ಸಾವಿರ. ಆ ಹುಡುಗಿ ಪಾಪ ಒಳ್ಳೇವ್ಳೇ, ಆದ್ರೆ ಅವಳ ಕೆಲಸ ಏನಾಗಿತ್ತು ಅಂದ್ರೆ ಇವನು ಕಿರುಚಿದ ತಕ್ಷಣ ಕಾರಿಡಾರಿಗೆ ಕರ್ಕೊಂಡು ಹೋಗೋದು, ಕ್ಲಾಸಿಗೆ ತೊಂದರೆ ಆಗದಂಗೆ. ವರ್ಷದ ಕೊನೆಗೆ ಅವನಿಗೆ ಗೊತ್ತಿದ್ದದ್ದು ಕಾರಿಡಾರ್ ಒಂದೇ, ಅದರ ಟೈಲ್ಸ್ ಎಷ್ಟಿದೆ ಅಂತ ಬೇಕಾದ್ರೆ ತೋರಿಸ್ತಿದ್ದ. ದೊಡ್ಡವಳದ್ದು ಇನ್ನೊಂಥರ ಕಷ್ಟ. ಕಥೆ ಹೇಳು ಅಂದ್ರೆ ಅರ್ಧ ಗಂಟೆ ಹೇಳೋ ಹುಡುಗಿ, ಮೂರನೇ ಕ್ಲಾಸಲ್ಲಿ ಎದ್ದು ನಿಂತು ಓದು ಅಂದ್ರೆ ಬೆವರಿ ಹೋಗ್ತಿದ್ಲು, ಡೈರಿ ತುಂಬ "ಕೇರ್‌ಲೆಸ್" ಅಂತ ಕೆಂಪು ಇಂಕಿನಲ್ಲಿ ಬರೆದು ಕಳಿಸೋರು.

2020ರಲ್ಲಿ ಕೊರೋನಾ ಬಂತು, ಆನ್‌ಲೈನ್ ಕ್ಲಾಸು ಚಿಕ್ಕೋನಿಗೆ ಸಾಧ್ಯನೇ ಇರ್ಲಿಲ್ಲ, ಆ ಜೂನ್‌ನಿಂದ ಅವನಿಗೆ ಮನೆಯಲ್ಲೇ ಶುರು ಮಾಡ್ದೆ. ಟೈಮ್‌ಟೇಬಲ್ ಗೋಡೆಗೆ ಅಂಟಿಸಿ, ಫೋಟೋ ಕಾರ್ಡ್ ಮಾಡಿ ಲ್ಯಾಮಿನೇಟ್ ಮಾಡಿಸಿ, ಒಂದು ಕೋಣೆನೇ ಬಿಟ್ಟುಕೊಟ್ಟು, ಏನ್ ಉತ್ಸಾಹ ಅಂತೀರ! ಮೊದಲ ಮೂರು ತಿಂಗಳು ಚೆನ್ನಾಗಿತ್ತು, ಕಿರುಚಾಟ ಅರ್ಧಕ್ಕರ್ಧ ಕಮ್ಮಿ ಆಯ್ತು, ನಿದ್ದೆ ಸರಿಹೋಯ್ತು. ಆಮೇಲೆ ನೋಡಿ ಗಮನಕ್ಕೆ ಬಂದಿದ್ದು, ಮಾತೇ ನಿಂತೋಗಿದೆ. ಇದ್ದ ಹತ್ತು ಹದಿನೈದು ಪದನೂ ಹೋಯ್ತು. ಕಾರಣ ಹೊಳೆಯೋಕೆ ನಂಗೆ ಒಂದು ವರ್ಷ ಬೇಕಾಯ್ತು. ಅವನು ನೀರಿನ ಹೂಜಿ ಕಡೆ ನೋಡಿದ್ರೆ ನಾನು ನೀರು ಕೊಟ್ಬಿಡ್ತಿದ್ದೆ, ಬಾಗಿಲ ಕಡೆ ನೋಡಿದ್ರೆ ಚಪ್ಪಲಿ ಹಾಕಿಸ್ತಿದ್ದೆ, ಇನ್ನು ಬಾಯಿ ಬಿಟ್ಟು ಕೇಳೋದು ಯಾಕೆ ಅವನು? ಇನ್ನೊಂದು ಏನಾಯ್ತು ಅಂದ್ರೆ ಅಮ್ಮ ಅಂದ್ರೆ ಪಾಠ ಅಂತಾಗೋಯ್ತು. ತಟ್ಟೆ ಹಿಡ್ಕೊಂಡು ಹೋದ್ರೂ ಹಿಂದೆ ಕಾರ್ಡ್ ಇದೆಯೇನೋ ಅಂತ ಇಣುಕಿ ನೋಡೋನು, ಅನ್ನ ತಳ್ಳಿಬಿಡೋನು. ಇದು ಬರೆಯೋಕೂ ಬೇಜಾರಾಗುತ್ತೆ.

ಇದೇ ಕೋಣೆ, ಇದೇ ಅಮ್ಮ, ದೊಡ್ಡವಳ ಕಥೆ ಬೇರೆ. 2021ರಲ್ಲಿ ಐದನೇ ಕ್ಲಾಸಿಗೆ ಸ್ಕೂಲು ಬಾಗಿಲು ತೆಗೀತು ಅಂದಾಗ ಅವಳು ಹೋಗಲ್ಲ ಅಂತ ಹಠ ಹಿಡಿದ್ಲು. ನಮ್ಮತ್ತೆ "ಹೆಣ್ಣುಮಗು ಸ್ಕೂಲು ಬಿಡಿಸಿದ್ರೆ ನಾಳೆ ಜನ ಏನಂತಾರೆ" ಅಂತ ಎರಡು ದಿನ ಮಾತಾಡ್ಲಿಲ್ಲ. ಒಂದು ವರ್ಷ ನೋಡೋಣ ಅಂತ ಒಪ್ಪಿಸಿದ್ವಿ.

ಕನ್ನಡ ಓದೋಕೆ ಅವಳಿಗೆ ಎಲ್ಲಿ ಕಷ್ಟ ಅಂತ ನಾನು ಸರಿಯಾಗಿ ನೋಡಿದ್ದೇ ಆಗ. ಮೂಲ ಅಕ್ಷರ ಎಲ್ಲಾ ಬರುತ್ತೆ, ಪ ಷ ಫ ಅಕ್ಕಪಕ್ಕ ಇಟ್ರೆ ಎಡವ್ತಾಳೆ ಅಷ್ಟೇ. ಒತ್ತಕ್ಷರ ಬಂತೋ ಗಾಡಿ ನಿಂತೋಯ್ತು. ತ ಇರೋ ಥರ ತ ಒತ್ತು ಇಲ್ವಲ್ಲ, ಮ ಒತ್ತು, ನ ಒತ್ತು ಯಾವ್ದೂ ಅದರಮ್ಮನ ಥರ ಇಲ್ಲ. ಇನ್ನು ಅರ್ಕಾವತ್ತು! ಸೂರ್ಯ ಅಂತ ಹೇಳುವಾಗ ರ ಮೊದಲು ಕೇಳುತ್ತೆ, ಬರೆಯುವಾಗ ಯ ಆದ್ಮೇಲೆ ಬಂದು ಕೂರುತ್ತೆ. "ಅಮ್ಮಾ ಇದು ಮೋಸ" ಅಂದ್ಲು, ನಾನು ನಲವತ್ತು ವರ್ಷ ಓದ್ಕೊಂಡು ಬಂದಿದೀನಿ, ಮೋಸ ಅಂತ ಯೋಚ್ನೆನೇ ಬಂದಿರ್ಲಿಲ್ಲ.

ಪಕ್ಕದ ಬೀದಿಲಿ ಸರ್ಕಾರಿ ಶಾಲೆ ಟೀಚರ್ ಒಬ್ರಿದ್ರು, ನಲಿ-ಕಲಿ ಕಾರ್ಡ್ ಬಗ್ಗೆ ಹೇಳಿದ್ದು ಅವರೇ, ಸರ್ಕಾರಿ ಶಾಲೆಲಿ ಚಿಕ್ಕ ಕ್ಲಾಸಿನ ಮಕ್ಕಳಿಗೆ ಕಾರ್ಡ್ ಕೊಟ್ಟು ಆಟದ ಥರ ಕಲಿಸೋ ಪದ್ಧತಿ ಅದು. ನಲಿ-ಕಲಿ ಹುಟ್ಟಿದ್ದೇ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ, ಅದೂ ನಂಗೆ ಗೊತ್ತಿರ್ಲಿಲ್ಲ. ಅದರಲ್ಲಿ ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಅಂತ ಐದು ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಲ್ಲಾ ಓದ್ಬಹುದು. ಹತ್ತು ವರ್ಷದ ಹುಡುಗಿಗೆ ಒಂದನೇ ಕ್ಲಾಸಿನ ಕಾರ್ಡು ಕೊಟ್ರೆ ಅವಮಾನ ಆಗುತ್ತೇನೋ ಅಂದ್ಕೊಂಡಿದ್ದೆ, ಅವಳಿಗೆ ಮೊದಲ ದಿನವೇ ಐದು ಪದ ತಪ್ಪಿಲ್ದೆ ಓದಿದ್ದು ಹಬ್ಬ ಆಗೋಯ್ತು. ಒತ್ತಕ್ಷರ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡದಾಗಿ ಬಿಡಿಸಿದ್ವಿ, ವಾರಕ್ಕೆ ಒಂದು, ಅದರ ಮೇಲೆ ಬೆರಳು ಓಡಿಸೋದು. ಅತ್ತೆ ರಂಗೋಲಿ ಹಾಕೋರು, ಆ ಕೆಲಸ ಅವರಿಗೇ ವಹಿಸಿಬಿಟ್ಟೆ, ಅಲ್ಲಿಂದ ಮಾತೂ ಶುರುವಾಯ್ತು. ಲೆಕ್ಕಕ್ಕೆ ಕವಡೆ ಹಾಕಿ ಆಡೋ ಚೌಕಾಬಾರ. ಚೌಕ ಬಿದ್ರೆ ನಾಲ್ಕು, ಬಾರ ಬಿದ್ರೆ ಎಂಟು, ಕಾಯಿ ನಡೆಸೋಕೆ ಮನಸ್ಸಲ್ಲೇ ಕೂಡ್ಬೇಕು. ಸಮಾಜ, ವಿಜ್ಞಾನದ ಪಾಠ ನಾನು ಅಡುಗೆ ಮಾಡ್ತಾ ಫೋನಲ್ಲಿ ಓದಿ ರೆಕಾರ್ಡ್ ಮಾಡಿಡ್ತಿದ್ದೆ, ಕುಕ್ಕರ್ ಸೀಟಿ ಸಮೇತ, ಅವಳು ಮಲ್ಕೊಂಡು ಕೇಳೋಳು. ಈಗ್ಲೂ ಓದೋದು ನಿಧಾನವೇ. ಆದ್ರೆ ಬೆವರಲ್ಲ.

ಚಿಕ್ಕೋನಿಗೆ ಮನೆ ಆಗಲ್ಲ ಅಂತ ಗೊತ್ತಾದ್ಮೇಲೆ 2022ರ ಶುರುವಲ್ಲಿ ಮೂರು ತಿಂಗಳು ಸ್ಪೆಷಲ್ ಸ್ಕೂಲಿಗೆ ಕಳಿಸಿದ್ವಿ. ಟ್ರೇನಿಂಗ್ ಆದ ಟೀಚರ್ಸು, ಥೆರಪಿ ಅಲ್ಲೇ, ಟಾಯ್ಲೆಟ್ ಕಲಿಸಿದ್ದು ಅವರೇ, ಅದೊಂದಕ್ಕೆ ಜೀವಮಾನ ಋಣಿ. ಆದ್ರೆ ವ್ಯಾನಲ್ಲಿ ಹೋಗಿಬರೋಕೇ ಮೂರು ಗಂಟೆ, ಮತ್ತೆ ಆ ಗುಂಪಿನಲ್ಲಿ ಇವನನ್ನ ಮಾತಾಡಿಸೋ ಮಗು ಒಂದೂ ಇರ್ಲಿಲ್ಲ, ಆರು ಮಕ್ಕಳೂ ಅವರವರ ಲೋಕದಲ್ಲಿ. ಮಾತು, ಕಿವಿ ತೊಂದರೆ ನೋಡೋ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆಯಲ್ಲ, ಅಲ್ಲಿನ ನಮ್ಮ ಥೆರಪಿಸ್ಟ್ ಹತ್ರ ಹೇಳ್ಕೊಂಡಾಗ "ಮಾತಾಡೋ ಮಕ್ಕಳ ಮಧ್ಯೆ ಬಿಟ್ಟು ನೋಡಿ" ಅಂದ್ರು.

ಮನೆಯಿಂದ ನಡೆದ್ರೆ ಆರು ನಿಮಿಷಕ್ಕೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ಇಷ್ಟು ವರ್ಷ ಅದರ ಮುಂದೆನೇ ಓಡಾಡಿದೀವಿ, ಒಳಗೆ ಹೋಗಿರ್ಲಿಲ್ಲ, ನಮ್ಮ ಪೈಕಿ ಯಾರೂ ಮಕ್ಕಳನ್ನ ಅಲ್ಲಿಗೆ ಕಳಿಸಲ್ಲ ನೋಡಿ. 2022ರ ಜೂನ್‌ನಲ್ಲಿ ಎರಡನೇ ಕ್ಲಾಸಿಗೆ ಸೇರಿಸಿದ್ವಿ. ಸೇರಿಸ್ಕೊಳಲ್ಲ ಅಂತಾರೇನೋ ಅಂತ ನಮ್ಮೆಜಮಾನ್ರು 2016ರ ಅಂಗವಿಕಲರ ಕಾಯ್ದೆಯ ಪ್ರಿಂಟೌಟ್ ಇಟ್ಕೊಂಡು ಹೋಗಿದ್ರು, ಹೆಡ್‌ಮಿಸ್ ಅದನ್ನ ನೋಡಲೂ ಇಲ್ಲ, "ಮಗು ಯಾವ ಹಾಡು ಇಷ್ಟಪಡುತ್ತೆ" ಅಂತ ಕೇಳಿದ್ರು.

ಆ ನಲಿ-ಕಲಿ ಕ್ಲಾಸ್‌ರೂಂ ನೋಡಿದ್ರೆ ಆಟಿಸಂ ಮಕ್ಕಳಿಗೇ ಅಂತ ಮಾಡಿದಂಗಿದೆ. ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರೋದು. ಕಲಿಕಾ ಏಣಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಪಾಠ ತೋರಿಸೋ ಚಾರ್ಟ್ ಇದೆ, ಅದನ್ನ ನೋಡಿ ಚಿತ್ರದ ಗುರುತು ಹುಡುಕಿ ತನ್ನ ಕಾರ್ಡ್ ತಾನೇ ತಗೋಬೇಕು, ಮುಗಿಸಿ ಮುಂದಿನದ್ದು. ಪಕ್ಕದೋನು ಎಷ್ಟು ಮೆಟ್ಟಿಲು ಮುಂದಿದ್ರೂ ಯಾರಿಗೂ ಚಿಂತೆ ಇಲ್ಲ. ಗೋಡೆಯ ಕೆಳಗಡೆ ಕರಿಹಲಗೆ, ಒಂದೊಂದು ಮಗುಗೂ ಒಂದೊಂದು ಜಾಗ. ದಿನಾ ಬೆಳಿಗ್ಗೆ ಹವಾಮಾನ ನಕ್ಷೆ ತುಂಬಬೇಕು, ಬಿಸಿಲೋ ಮೋಡವೋ ಮಳೆಯೋ ಅಂತ, ಆ ಕೆಲಸ ಮೊದಲ ತಿಂಗಳಲ್ಲೇ ಇವನದಾಯ್ತು, ಬೇರೆ ಯಾರಾದ್ರೂ ಮುಟ್ಟಿದ್ರೆ ಯುದ್ಧ. ಬಿಸಿಯೂಟದ ಸಾಲಿನಲ್ಲಿ ಬಡಿಸೋ ಅಮ್ಮನಿಗೆ ಇವನ ಕಣ್ಣಿನ ಭಾಷೆ ಅರ್ಥ ಆಗಲ್ಲ, "ಬೇಕಾ, ಬಾಯ್ಬಿಟ್ಟು ಹೇಳಪ್ಪ" ಅಂತಾರೆ. ಆಗಸ್ಟ್‌ನಲ್ಲಿ ಹೇಳ್ದ, "ಸಾರು". ನಮ್ಮನೇಲಿ ಒಂದೂವರೆ ವರ್ಷ ಬರದಿದ್ದ ಪದ. ಖುಷಿನೂ ಆಯ್ತು, ಹೊಟ್ಟೆಕಿಚ್ಚೂ ಆಯ್ತು ಸುಳ್ಯಾಕೆ ಹೇಳ್ಲಿ.

ಎಲ್ಲಾ ಸರಿ ಇದೆ ಅಂತಲ್ಲ. ಮೂರು ಕ್ಲಾಸು ಸೇರಿ ಒಬ್ಬರೇ ಟೀಚರ್, ಅವರು ಟ್ರೇನಿಂಗಿಗೋ ಗಣತಿಗೋ ಹೋದ ದಿನ ನಾನೇ ಹೋಗಿ ಕೂರ್ತಿದ್ದೆ. ಇಂಥ ಮಕ್ಕಳಿಗೆ ಅಂತಲೇ ಬ್ಲಾಕಿಂದ ಬರೋ ಬಿಐಇಆರ್‌ಟಿ ಟೀಚರ್ ಒಳ್ಳೇವ್ರು, ಆದ್ರೆ ಅವರಿಗೆ ಎಷ್ಟೋ ಸ್ಕೂಲು, ತಿಂಗಳಿಗೆ ಒಂದ್ಸಲ ಮುಖ ನೋಡಿದ್ರೆ ಪುಣ್ಯ. ನಾಲ್ಕನೇ ಕ್ಲಾಸಿಂದ ನಲಿ-ಕಲಿ ಇಲ್ಲ, ಟೆಕ್ಸ್ಟ್‌ಬುಕ್ಕು, ಬೋರ್ಡು, ಕಾಪಿ ಮಾಡೋದು, ಆ ವರ್ಷ ಹಳೇ ಕಿರುಚಾಟ ಸ್ವಲ್ಪ ವಾಪಸ್ ಬಂತು. ಟೀಚರ್ ಹತ್ರ ಮಾತಾಡಿ ಮಧ್ಯಾಹ್ನದ ಮೇಲೆ ಒಂದು ಗಂಟೆ ನಲಿ-ಕಲಿ ರೂಮಲ್ಲೇ ಕೂರಿಸ್ತಿದ್ವಿ, ಚಿಕ್ಕ ಮಕ್ಕಳಿಗೆ ಕಾರ್ಡ್ ಎತ್ತಿಡೋ ಕೆಲಸ ಕೊಟ್ಟು.

ದುಡ್ಡಿನ ಲೆಕ್ಕನೂ ಹೇಳ್ಬೇಕು. ಹೋಮ್‌ಸ್ಕೂಲಿಂಗ್ ಅಗ್ಗ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ, ಅದರ ಫೀಸು ನನ್ನ ಸಂಬಳ. 2020ರಲ್ಲಿ ಬಿಟ್ಟ ಕೆಲಸ, ಚಿಕ್ಕೋನು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಅರ್ಧ ದಿನ ಮನೆಯಿಂದ ಜಿಎಸ್‌ಟಿ ರಿಟರ್ನ್ಸ್ ಮಾಡ್ಕೊಡ್ತಿದೀನಿ. ಇಬ್ರೂ ಮನೇಲಿದ್ದ ಆ ಆರೇಳು ತಿಂಗಳು ನೆನೆಸ್ಕೊಂಡ್ರೆ ಈಗ್ಲೂ ತಲೆ ತಿರುಗುತ್ತೆ, ಅವಳಿಗೆ ಜೋರಾಗಿ ಓದಿ ಹೇಳ್ಬೇಕು, ಇವನಿಗೆ ಸದ್ದು ಆಗಲ್ಲ.

ದೊಡ್ಡವಳು ಮುಂದೇನು ಅಂತ ಎಲ್ರೂ ಕೇಳ್ತಾರೆ. ಎನ್‌ಐಒಎಸ್ ಅಂತ ಇದೆ, ಮನೇಲೇ ಓದಿ ಪರೀಕ್ಷೆ ಬರೆಯೋ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಹದಿನಾಲ್ಕು ತುಂಬಿದ್ರೆ ಅದರಲ್ಲಿ ಹತ್ತನೇ ಕ್ಲಾಸಿಗೆ ಸೇರ್ಬಹುದು, ಈ ವರ್ಷ ಸೇರಿಸಿದ್ವಿ. ಐದು ಸಬ್ಜೆಕ್ಟ್ ಸಾಕು, ಅದರಲ್ಲಿ ಭಾಷೆ ಒಂದಿದ್ರೂ ನಡೆಯುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ ಅನ್ನೋದು ಇಂಥ ಮಕ್ಕಳಿಗೆ ಎಂಥ ಭಾರ ಅಂತ ಗೊತ್ತಿದ್ದೋರಿಗೇ ಗೊತ್ತು. ಅವಳು ಕನ್ನಡ, ಗಣಿತ, ಹೋಮ್ ಸೈನ್ಸ್, ಪೇಂಟಿಂಗ್, ಡೇಟಾ ಎಂಟ್ರಿ ತಗೊಂಡಿದಾಳೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ಸಬ್ಜೆಕ್ಟ್ ಬರೆದು ಮುಗಿಸ್ತಾ ಹೋಗ್ಬಹುದು, ಪಾಸಾಗಿದ್ದು ಪಾಸಾಗೇ ಇರುತ್ತೆ. ಮುಂದೆ ಪಿಯುಸಿಯಲ್ಲಿ ಸೈನ್ಸ್ ಬೇಕು ಅನ್ನೋ ಮಕ್ಕಳು ಮಾತ್ರ ಸಬ್ಜೆಕ್ಟ್ ಆರಿಸುವಾಗಲೇ ಯೋಚ್ನೆ ಮಾಡಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಮಗು ಹೇಳಿದ್ದನ್ನ ಬರ್ದುಕೊಡೋ ಸ್ಕ್ರೈಬ್ ಬೇಕಂದ್ರೆ ಡಿಸ್ಲೆಕ್ಸಿಯಾ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಕೊಳಿ, ಕೊನೆ ಗಳಿಗೆಯಲ್ಲಿ ಓಡಾಡಿದ್ರೆ ಆಗಲ್ಲ. ಅವಳಿಗೆ ಮನೇಲಿ ಸಿಗದೇ ಇರೋದು ಗೆಳತಿಯರು. ಭರತನಾಟ್ಯ ಕ್ಲಾಸಲ್ಲಿ ಇಬ್ರಿದಾರೆ ಅಷ್ಟೇ, ಇದಕ್ಕೆ ನನ್ ಹತ್ರ ಉಪಾಯ ಇಲ್ಲ.

ಚಿಕ್ಕೋನು ಈಗ ಐದನೇ ಕ್ಲಾಸು, ಆ ಸ್ಕೂಲಲ್ಲಿ ಐದರವರೆಗೆ ಮಾತ್ರ. ಬರೋ ಜೂನ್‌ಗೆ ಹಿರಿಯ ಪ್ರಾಥಮಿಕಕ್ಕೆ ಹೋಗ್ಬೇಕು. ಮನೆಗೆ ವಾಪಸ್ ಕರ್ಕೊಂಡ್ಬಿಡೋಣ ಅಂತ ಒಂದ್ಸಲ ನನ್ನ ಬಾಯಿಂದಲೇ ಬಂತು, ದೊಡ್ಡವಳು "ಅವನು ಭಾನುವಾರನೂ ಬ್ಯಾಗ್ ಹಾಕ್ಕೊಂಡು ಗೇಟ್ ಹತ್ರ ನಿಲ್ತಾನೆ, ನಿಂಗೆ ಕಾಣಲ್ವಾ" ಅಂತ ಬೈದ್ಲು. ಹೋದ ವಾರ ಹೊಸ ಸ್ಕೂಲು ನೋಡ್ಕೊಂಡು ಬಂದ್ವಿ, ಮಕ್ಕಳು ತುಂಬಾ, ಗಲಾಟೆ ತುಂಬಾ, ಮೇಲಿನ ಮಹಡಿಗೆ ಮೆಟ್ಟಿಲು. ಹೆಡ್‌ಮಾಸ್ಟ್ರು ಆಗುತ್ತೆ ಅಂತನೂ ಹೇಳ್ಲಿಲ್ಲ, ಆಗಲ್ಲ ಅಂತನೂ ಹೇಳ್ಲಿಲ್ಲ, "ಒಂದು ವಾರ ಕರ್ಕೊಂಡ್ಬಂದು ಕೂರಿಸಿ ಮೇಡಂ, ಅವನಿಗೆ ನಾವು ಹಿಡಿಸ್ತೀವಾ ನೋಡೋಣ" ಅಂದ್ರು. ಡಿಸೆಂಬರ್‌ನಲ್ಲಿ ಕೂರಿಸ್ತೀವಿ.