ಕಿಟಕಿ ಕೆಳಗಿನ ರೇಡಿಯೇಟರ್ ಕೀಳಿಸಿ ನಾಲ್ಕು ಚಳಿಗಾಲ ಕಳೆದ ಮೇಲೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1930ರ ದಶಕದ ಮನೆ ಕೊಂಡಾಗ ಹಾಲ್‌ನ ರೇಡಿಯೇಟರ್ (ಗ್ಯಾಸ್ ಬಾಯ್ಲರಿನಲ್ಲಿ ಕಾದ ನೀರು ಒಳಗೆ ಹರಿದು ರೂಮು ಬೆಚ್ಚಗಿಡುವ ಕಬ್ಬಿಣ) ರಸ್ತೆ ಕಡೆಯ ದೊಡ್ಡ ಕಿಟಕಿಯ ಕೆಳಗಿತ್ತು. ಹಾಲ್ ಸಣ್ಣದು, ನಮ್ಮ ಸೋಫಾ ದೊಡ್ಡದು. ಅದು ಹಿಡಿಸುವ ಒಂದೇ ಒಂದು ಜಾಗದಲ್ಲಿ ಈ ಕಬ್ಬಿಣ ಕೂತಿದೆಯಲ್ಲ ಅಂತ ಮೊದಲ ದಿನದಿಂದಲೂ ನನಗೆ ಅದರ ಮೇಲೆ ಕಣ್ಣು. ಪ್ಲಂಬರ್ ಬಂದು, ಒಳಗೋಡೆಗೆ ಹಾಕಿಸಿ, ಪೈಪೂ ಕಡಿಮೆ ಸಾಕು, ಹೊರಗೋಡೆ ಶಾಖ ಕುಡಿಯೋದೂ ತಪ್ಪುತ್ತೆ ಅಂದರು. ಅದು ಸುಳ್ಳೂ ಅಲ್ಲ. 260 ಪೌಂಡ್ ಕೊಟ್ಟು, ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಹಾಕಿಸಿಬಿಟ್ಟೆವು.

ಜನವರಿ ಬಂದಾಗ ಗೊತ್ತಾಯಿತು ಮಾಡಿದ್ದೇನು ಅಂತ.

ರೂಮಿನ ಶಾಖ ಅಳೆದು ಬಾಯ್ಲರ್ ನಡೆಸುವ ಥರ್ಮೋಸ್ಟಾಟ್ 20 ಡಿಗ್ರಿ ತೋರಿಸುತ್ತಿದೆ, ಬಾಯ್ಲರ್ ಓಡುತ್ತಿದೆ, ಸೋಫಾದಲ್ಲಿ ಕೂತರೆ ಕತ್ತಿನ ಹಿಂದೆ ತಣ್ಣಗೆ ಯಾರೋ ಊದುತ್ತಿದ್ದಾರೆ. ಕಿಟಕಿ ಸಂದಿನದ್ದೇ ಕಿತಾಪತಿ ಅಂತ ಸುತ್ತಲೂ ಟೇಪ್ ಅಂಟಿಸಿದೆವು. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಒಂದು ಸಂಜೆ ದೇವರ ಮುಂದಿನ ಊದುಬತ್ತಿಯನ್ನೇ ತಂದು ಗಾಜಿನ ಹತ್ತಿರ ಹಿಡಿದೆ. ಮೇಲೇಳಬೇಕಾದ ಹೊಗೆ ಗಾಜಿಗೆ ಸವರಿಕೊಂಡು ಕೆಳಗಿಳಿಯಿತು, ಸೋಫಾ ಬೆನ್ನು ಹತ್ತಿ ದಾಟಿ ನೆಲದ ಕಡೆ ಹೋಯಿತು. ಗಾಳಿ ಹೊರಗಿನಿಂದ ಬರುತ್ತಲೇ ಇರಲಿಲ್ಲ. ರೂಮಿನ ಗಾಳಿಯೇ ತಣ್ಣನೆ ಗಾಜಿಗೆ ತಾಗಿ, ಭಾರವಾಗಿ, ಕೆಳಕ್ಕೆ ಜಾರುತ್ತಿತ್ತು. ಹಿಂದಿನವರು ರೇಡಿಯೇಟರ್ ಅಲ್ಲಿಟ್ಟಿದ್ದು ಇದಕ್ಕೇ: ಅದರಿಂದ ಏಳುವ ಬಿಸಿಗಾಳಿ ಈ ಇಳಿಯುವ ಚಳಿಯನ್ನು ಅಲ್ಲೇ ತಡೆದು ಮೇಲಕ್ಕೆ ಒಯ್ಯುತ್ತೆ. ನಾವು ಕಾವಲುಗಾರನನ್ನು ಓಡಿಸಿ ಆ ಜಾಗದಲ್ಲಿ ನಮ್ಮ ಬೆನ್ನು ಕೊಟ್ಟು ಕೂತಿದ್ದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಗ್ಗೆ ಎದ್ದರೆ ಗಾಜಿನ ತುಂಬ ನೀರು. ಮೊದಲು ಬಿಸಿಗಾಳಿ ತಾಗಿ ಒಣಗಿಯೇ ಇರುತ್ತಿದ್ದ ಚೌಕಟ್ಟಿನಲ್ಲಿ ಫೆಬ್ರವರಿ ಹೊತ್ತಿಗೆ ಕಪ್ಪು ಬೂಷ್ಟು. ಹಳೇ ಪಂಚೆ ಹರಿದು ಒರೆಸುವುದು ನನ್ನ ದಿನದ ಮೊದಲ ಕೆಲಸವಾಯಿತು, ಕಾಫಿಗೂ ಮುಂಚೆ. ಚಳಿ ತಡೆಯದೆ ಥರ್ಮೋಸ್ಟಾಟ್ 22ಕ್ಕೆ ಏರಿಸಿದೆವು. ಗ್ಯಾಸ್ ಬಿಲ್ ನೋಡಿದ ದಿನ ಯಜಮಾನರು ಸೋಫಾ ಕಡೆ ನೋಡಿದರೇ ಹೊರತು ನನ್ನ ಕಡೆ ನೋಡಲಿಲ್ಲ.

ಹಾಗಂತ ಕಿಟಕಿ ಕೆಳಗಿದ್ದರೆ ಸಾಕು ಅಂತಲೂ ಅಲ್ಲ. ಮಹಡಿ ಮೇಲಿನ ಬೆಡ್‌ರೂಮಿನಲ್ಲಿ ಅಲ್ಲೇ ಇದೆ. ಅದರ ಮೇಲೆ ನೆಲದವರೆಗಿನ ಕರ್ಟನ್ ಇಳಿಬಿಟ್ಟು ಎರಡು ವರ್ಷ ಗಾಜನ್ನೇ ಬೆಚ್ಚಗಿಟ್ಟೆ. ಸುತ್ತಲಿನ ಶಾಖ ನೋಡಿ ಬಿಸಿನೀರು ಬಿಡುವ ವಾಲ್ವೂ ಪರದೆಯ ಹಿಂದೆ ಸಿಕ್ಕಿಕೊಂಡು, ಅಲ್ಲಿನ ಸೆಕೆಗೆ ರೂಮೇ ಬೆಚ್ಚಗಾಯಿತು ಅಂದುಕೊಂಡು ಬಿಸಿನೀರು ನಿಲ್ಲಿಸಿಬಿಡುತ್ತಿತ್ತು. ಕರ್ಟನ್ ಕತ್ತರಿಸಿ ಕಿಟಕಿ ಹಲಗೆಯ ಮಟ್ಟಕ್ಕೆ ಹೊಲಿಸಿದ್ದೇ ತಡ, ಒಂದು ಕಂಬಳಿ ಕಡಿಮೆಯಾಯಿತು.

ಇನ್ನು ಅಡುಗೆಮನೆ ಪಕ್ಕದ ಹೊಸ ರೇಡಿಯೇಟರ್ ವಿಷಯ. ಅದನ್ನು ಬೈಯಲು ಬಾಯಿ ಬರುವುದಿಲ್ಲ, ಯಾಕೆಂದರೆ ದೋಸೆ ಹಿಟ್ಟು. ಈ ಊರಲ್ಲಿ ಮೊದಲ ಚಳಿಗಾಲ ಒಂದು ಸಲವೂ ಹಿಟ್ಟು ಉಬ್ಬಿರಲಿಲ್ಲ. ಓವನ್ ದೀಪ ಹಾಕಿ ಇಟ್ಟೆ, ರಜಾಯಿ ಹೊದಿಸಿದೆ, ಸೋಡಾ ಹಾಕಿ ನನಗೆ ನಾನೇ ಮೋಸ ಮಾಡಿಕೊಂಡೆ. ಈಗ ಸಂಜೆ ಐದಕ್ಕೆ ರುಬ್ಬಿ, ಡಬರಿಗೆ ಟವೆಲ್ ಸುತ್ತಿ, ರೇಡಿಯೇಟರ್‌ನಿಂದ ಒಂದಡಿ ದೂರ ಮಣೆ ಮೇಲೆ ಇಡುತ್ತೇನೆ. ಮಲಗುವ ಮುಂಚೆ ಬಾಯ್ಲರ್ ಆರಿಸಿದಾಗ ಡಬರಿಯ ಇನ್ನೊಂದು ಮಗ್ಗುಲು ಗೋಡೆಗೆ ತಿರುಗಿಸುತ್ತೇನೆ. ಬೆಳಗ್ಗೆ ಮುಚ್ಚಳ ಎತ್ತಿದರೆ ಹಿಟ್ಟು ಅಂಚಿಗೆ ಬಂದಿರುತ್ತೆ, ಸೌಟು ಇಳಿಸಿದರೆ ಉಸ್ಸೆನ್ನುತ್ತೆ. ಆತುರಕ್ಕೆ ಬಿದ್ದು ರೇಡಿಯೇಟರ್ ತಲೆ ಮೇಲೇ ಇಟ್ಟೀರಿ ಮತ್ತೆ! ನಾನು ಇಟ್ಟಿದ್ದೆ, ತಳದಲ್ಲಿ ಬೆರಳು ದಪ್ಪ ಅರೆಬೆಂದ ಇಡ್ಲಿ ಸಿಕ್ಕಿತು.

ಶಿವಮೊಗ್ಗದಿಂದ ಬಂದ ಅತ್ತೆ ಅದೇ ಮಣೆ ಎಳೆದುಕೊಂಡು ಬೆನ್ನು ಕಾಯಿಸುತ್ತಾ ಕೂತರು. "ಬಚ್ಚಲೊಲೆ ಮುಂದೆ ಕೂತ ಹಾಗಿದೆ ಕಣಮ್ಮ. ಹೊಗೆ ಒಂದಿಲ್ಲ ನೋಡು." ಆಮೇಲೆ ಮೇಲ್ಭಾಗ ಮುಟ್ಟಿ, "ಇಲ್ಲಿ ತಣ್ಣಗಿದೆಯಲ್ಲ?" ಅಂದರು. ಸರಿಯಾಗೇ ಹಿಡಿದರು: ಮೇಲೆ ತಣ್ಣಗೆ, ಕೆಳಗೆ ಬಿಸಿ ಅಂದರೆ ಒಳಗೆ ಗಾಳಿ ಸೇರಿದೆ. ಯಜಮಾನರು ಬಾಯ್ಲರ್ ಆರಿಸಿ, ಲೋಟ ಹಿಡಿದು, ಮೇಲ್ತುದಿಯ ಗಾಳಿ ಬಿಡುವ ತಿರುಪಿಗೆ ಸಣ್ಣ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದರು. ಸುಯ್ಯೆಂದು ಗಾಳಿ ಹೋಗಿ ಕಪ್ಪು ನೀರು ಜಿನುಗಿತು. "ಅಯ್ಯೋ, ಡಿಕಾಕ್ಷನ್!" ಅಂದರು ಅತ್ತೆ.

ರೇಡಿಯೇಟರ್ ಜಾಗ ಬದಲಿಸಿದ್ದಕ್ಕೆ ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಹಿಟ್ಟಿನ ಲೆಕ್ಕಕ್ಕೆ. ಹೊಸ, ಒಳ್ಳೆಯ ಡಬಲ್ ಗ್ಲೇಜಿಂಗ್ (ಜೋಡಿ ಗಾಜಿನ ಕಿಟಕಿ) ಇದ್ದರೆ ಗಾಜು ಅಷ್ಟು ತಣ್ಣಗಾಗೋದಿಲ್ಲ, ಎಲ್ಲಿ ಅನುಕೂಲವೋ ಅಲ್ಲಿ ಹಾಕಿಸಿ. ನಮ್ಮದು ಹಳೇದು, ಎರಡು ಗಾಜಿನ ನಡುವೆಯೇ ಮಂಜು ಕೂರುತ್ತೆ. ಕಿಟಕಿ ಬದಲಾಯಿಸುವಷ್ಟು ದುಡ್ಡು ಸದ್ಯಕ್ಕಿಲ್ಲ. ಸೋಫಾವನ್ನೇ ಹೋದ ಅಕ್ಟೋಬರ್‌ನಲ್ಲಿ ಮಾರಿ ಚಿಕ್ಕದು ತಂದು ಒಳಗೋಡೆ ಕಡೆ ಹಾಕಿಕೊಂಡೆವು. ಕಿಟಕಿ ಕೆಳಗೆ ಈಗ ಏನೂ ಇಲ್ಲ, ನೆಲದಿಂದ ಎದ್ದು ಮುಚ್ಚಳ ಹಾಕಿಸಿಕೊಂಡ ಎರಡು ಪೈಪಿನ ತುದಿ ಬಿಟ್ಟರೆ.